ತೊಟ್ಟಿಯ ಟೀ ಬಣ್ಣದ ಮೀನು

ಆಗ ನನಗೆ ಹದಿನೇಳು. ಅದಾಗಿ ಅರವತ್ತು ವರ್ಷದ ಮೇಲಾಯಿತು. ತೋವಿನಕೆರೆಯ ಗಂಡನ ಮನೆಗೆ ಬಂದು ವರ್ಷ ಕಳೆದಿತ್ತು.

ಮಾವ ಬೆಂಗಳೂರಿನ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದವರು. ಧಣಿ ಮನೆ ಖಾಲಿ ಮಾಡುವಾಗ ಕೊಟ್ಟ ಜಪಾನಿನ ಮೀನುಗಳನ್ನು ಹಾಲಿನ ಕ್ಯಾನಿನಲ್ಲಿ ತಂದು ಬಾವಿ ಪಕ್ಕದ ತೊಟ್ಟಿಗೆ ಬಿಟ್ಟಿದ್ದರು. ಕೆಂಪು ಮೀನು ನೋಡಲು ಊರೇ ಬರುತ್ತಿತ್ತು. ಅವುಗಳ ನಡುವೆ ಒಂದೇ ಒಂದಿದ್ದ ಕಂದು ಮೀನನ್ನು ಕೇಳುವವರಿಲ್ಲ. ಅದರ ಬಣ್ಣ ಹಾಲು ಕಮ್ಮಿ ಹಾಕಿದ ಟೀ. ಬಿಸಿಲು ಬಿದ್ದರೆ ಬೆನ್ನಿನ ಹುರುಪೆಗಳು ಬಲೆ ಹೆಣೆದಂತೆ ಕಾಣುತ್ತಿದ್ದವು. ಚಳಿಗಾಲದಲ್ಲಿ ಕಪ್ಪಾಗುತ್ತಿತ್ತು. ಎಲ್ಲಕ್ಕಿಂತ ಬೇಗ ಬೆಳೆದು ಮೊಳದುದ್ದ ಆಯಿತು. ತೌಡು ಹಿಡಿದು ನೀರಿಗೆ ಕೈ ಅದ್ದಿದರೆ ಮೊದಲು ಬರುತ್ತಿದ್ದುದು ಅದೇ. ಕೆಂಪಿನವು ಅದರ ಬೆನ್ನ ಹಿಂದೆ ಹೆದರಿ ಹೆದರಿ ಬರುತ್ತಿದ್ದವು.

ಆ ಬೇಸಿಗೆ ನಾದಿನಿ ಹೆರಿಗೆಗೆ ಬಂದಳು. ಬಂದವಳೇ ಮೀನು ತಿನ್ನಬೇಕು ಅಂದಳು. ಕೆರೆಯಲ್ಲಿ ನೀರಿಲ್ಲ, ಸಂತೆಯಲ್ಲಿ ಮೀನಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಅನ್ನುತ್ತಾರೆ ನಮ್ಮ ಕಡೆ. ಅತ್ತೆ ತೊಟ್ಟಿ ಕಡೆ ನೋಡಿದರು.

"ಆ ಮಣ್ಣು ಬಣ್ಣದ್ದು ಕೆರೆ ಮೀನಿನಂಗೇ ಅದೆ. ಸಂಜೆಗೆ ಕುಯ್ಯಾನ."

"ಅದು ಸಾಕಿದ್ದು ಕಣತ್ತೆ," ಅಂದೆ.

"ಕೋಳಿ ಸಾಕಿದ್ದಲ್ವಾ? ಅದ್ರ ಸಾರು ಉಣ್ಣಾಗ ನಿನ್ ಬಾಯಲ್ಲಿ ಈ ಮಾತು ಬರ್ನಿಲ್ಲ."

ಮಾವ ಬೀಡಿ ಹಚ್ಚಿಕೊಂಡು ಎದ್ದು ಹೋದರು.

ನನಗೆ ಅವತ್ತು ಕೂತಲ್ಲಿ ಕೂರಲಾಗಲಿಲ್ಲ. ರಾಗಿ ಬೀಸುವುದು ಬಿಟ್ಟು ಎದ್ದೆ, ತೊಟ್ಟಿಗೆ ಹೋದೆ, ಬಂದೆ, ಮತ್ತೆ ಹೋದೆ. ನೀರಿಗೆ ಕೈ ಹಾಕಲಿಲ್ಲ. ಹಾಕಿದರೆ ಬರುತ್ತದೆ. ಬಚ್ಚಿಟ್ಟುಕೊಳ್ಳುವ ಬುದ್ಧಿಯೇ ಅದಕ್ಕಿಲ್ಲ.

ಸಂಜೆ ನಾದಿನಿಯೇ ಬಂದು ತೊಟ್ಟಿಯ ಕಟ್ಟೆ ಮೇಲೆ ಕೂತು ನೀರಿಗೆ ಬೆರಳಿಟ್ಟಳು. ಅದು ಬಂತು. ಬೆರಳು ಚೀಪಿತು.

"ಅಯ್ಯೋ, ಹಲ್ಲೇ ಇಲ್ವಲ್ಲೇ ಇದುಕ್ಕೆ!" ಕೈ ಕಿತ್ತುಕೊಂಡಳು. ಮತ್ತೆ ಇಟ್ಟಳು. ಮತ್ತೆ ಚೀಪಿತು. "ಅವ್ವಾ, ಇದು ಬ್ಯಾಡ. ಕೂಸು ಚೀಪ್ದಂಗಾಯ್ತದೆ, ಗಂಟಲಲ್ಲಿ ಇಳಿಯಾಕಿಲ್ಲ. ಆ ಕೆಂಪುದು ಹಿಡಿ."

"ತಿನ್ನಾಕೂ ಬಣ್ಣ ನೋಡ್ತಾಳೆ ಮಾರಾಣಿ," ಅಂತ ಬೈಯುತ್ತಾ ಅತ್ತೆ ಸೀರೆ ಎತ್ತಿಕಟ್ಟಿ ಬುಟ್ಟಿ ಹಿಡಿದು ತೊಟ್ಟಿಗಿಳಿದರು. ಕೆಂಪಿನದೊಂದು ಸಿಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಸಾರಲ್ಲಿ ಮುಳ್ಳೇ ಜಾಸ್ತಿ, ಕೆಸರು ವಾಸನೆ ಬೇರೆ. ನಾದಿನಿ ಚೆನ್ನಾಗಿ ಉಂಡಳು. ನಾನೂ ಉಂಡೆ.

ಮಾರನೇ ಬೆಳಿಗ್ಗೆ ತೌಡು ಹಿಡಿದು ಹೋಗಿ ಕೈ ಅದ್ದಿದೆ. ಕಂದು ಮೀನು ಬಂತು. ಹಿಂದೆ ಕೆಂಪಿನದು ಒಂದೂ ಬರಲಿಲ್ಲ. "ಹೆದ್ರಿಕೊಳ್ಳಾದು ಕಲಿಯೇ," ಅಂತ ಅದರ ತಲೆ ಮೇಲೊಂದು ಏಟು ಕೊಟ್ಟೆ. ಸರ್ರನೆ ಹೋಯಿತು, ತಿರುಗಿ ಬಂತು. ಇನ್ನೊಂದು ಕೊಟ್ಟೆ. ಮತ್ತೆ ಬಂತು. ತೌಡು ಹಾಕಿ, ಬಿಂದಿಗೆ ತುಂಬಿಕೊಂಡು ಮನೆಗೆ ಹೋದೆ.