ಬಾರದ ಹಾಳೆಗೆ ಕಾದಿಟ್ಟ ಜಾಗ

ಇಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಕಾಲೇಜಿನ ಗೇಟಿನಿಂದ ಗ್ರಂಥಾಲಯದ ಮೆಟ್ಟಿಲು ಕಾಣುವುದಿಲ್ಲ. ಇಂಥ ಹವೆಯಲ್ಲಿ ಅಂಟು ಬೇಗ ಒಣಗದು. ಆದರೂ ಆರು ಗಂಟೆಗೇ ಹಿಂಬದಿಯ ಕೋಣೆಯಲ್ಲಿ ದೀಪ ಹೊತ್ತಿದೆ. ಎಲ್ಲರೂ ಬೈಂಡಿಂಗ್ ಅಕ್ಕ ಎಂದು ಕರೆಯುವ ಹೆಂಗಸು ಮೇಣ ಸವರಿದ ದಾರವನ್ನು ಸೂಜಿಗೆ ಪೋಣಿಸಿ, ದೇವರನ್ನೊಮ್ಮೆ ನೆನೆದು, ಹಳೆಯ ನಾಟಕವೊಂದರ ಬೆನ್ನು ಹೊಲಿಯುತ್ತಿದ್ದಾರೆ.

ಹತ್ತು ಗಂಟೆಗೆ ರದ್ದಿಯ ಗಾಡಿ ಬರುತ್ತದೆ. ಹಾಳೆ ಕಳೆದುಹೋದ ಪುಸ್ತಕಗಳನ್ನೆಲ್ಲ ತೂಕಕ್ಕೆ ಹಾಕಬೇಕೆಂದು ಗ್ರಂಥಪಾಲಕರ ಆದೇಶ. ಪಟ್ಟಿಯಲ್ಲಿ ಈ ನಾಟಕವೇ ಮೊದಲು. ಎಂ.ಎ. ತರಗತಿಗೆ ಇರುವುದು ಇದೊಂದೇ ಪ್ರತಿ, ಮತ್ತೆ ಅಚ್ಚಾಗಿಲ್ಲ.

"ಕೊಡಲ್ಲ ಅಂದೆ. ಬೇಕಾದ್ರೆ ನನ್ನನ್ನೂ ತಕ್ಕಡಿಗೆ ಹಾಕ್ಲಿ, ತೂಕಕ್ಕೇನು ಕಮ್ಮಿ ಇಲ್ಲ ನಾನು," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ, ದಾರವನ್ನು ಹಲ್ಲಿನಲ್ಲಿ ಕಚ್ಚಿ.

ಏಳನೇ ತರಗತಿಗೇ ಶಾಲೆ ಬಿಡಿಸಿ ಸೋದರಮಾವ ಈ ಸೂಜಿ ಕೈಗಿಟ್ಟ ದಿನ ಅತ್ತವರು ಅವರು. ಈ ಕೋಣೆಗೆ ಬಂದು ಮೂವತ್ತೊಂದು ವರ್ಷ. ದಿನಕ್ಕೆ ಆರು ಪುಸ್ತಕ, ಬೆರಳಿಗೆ ಲೆಕ್ಕವಿಲ್ಲದ ಚುಚ್ಚು. ತರಗತಿ ಗೋಡೆಯಾಚೆಯೇ ಇರುವುದರಿಂದ ಕಾವ್ಯವೂ ಕಾದಂಬರಿಯೂ ಕಿವಿಗೆ ಬಿದ್ದು ಬಿದ್ದು ಬಾಯಿಪಾಠವಾಗಿವೆ. ಮಾವ ಕಲಿಸಿದ ಪದ್ಧತಿಯೊಂದನ್ನು ಅವರು ಇಂದಿಗೂ ಬಿಟ್ಟಿಲ್ಲ. ಹಾಳೆ ಕಳೆದುಹೋದ ಕಡೆ ಒಂದು ಖಾಲಿ ಹಾಳೆ ಸೇರಿಸಿ ಹೊಲಿಯುತ್ತಾರೆ, ಹೊರಗೆ ಹೋದವರು ಬರುವ ತನಕ ಬಾಗಿಲಿಗೆ ಅಗುಳಿ ಹಾಕದ ಹಾಗೆ.

ಈ ನಾಟಕದಲ್ಲಿ ತೊಂಬತ್ತಾರರ ನಂತರ ಬರುವುದು ತೊಂಬತ್ತೊಂಬತ್ತನೆಯ ಪುಟ. ಹಿಂದಿನ ಪುಟದಲ್ಲಿ ರಾಜ ತುಂಬಿದ ಸಭೆಯಲ್ಲಿ ರಾಣಿಯನ್ನು ತಪ್ಪಿತಸ್ಥೆ ಎನ್ನುತ್ತಾನೆ. ಮುಂದಿನ ಪುಟದಲ್ಲಿ ಗದ್ದುಗೆ ಇಳಿಯುತ್ತಿದ್ದಾನೆ. ನಡುವೆ ರಾಣಿಯದು ಬರೀ ಮೌನ, ಹಾಳೆ ಹೋದರೂ ನಷ್ಟವಿಲ್ಲ ಎಂದು ಎಂ.ಎ. ತರಗತಿಯ ಮೇಷ್ಟ್ರು ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ನಿನ್ನೆಯೂ ಅದೇ ಮಾತು ಕೇಳಿಬಂದಾಗ ಅಕ್ಕ ಸೂಜಿ ಹಿಡಿದೇ ತರಗತಿಯ ಬಾಗಿಲಿಗೆ ಹೋಗಿ ನಿಂತರು.

"ಯಾರೂ ಏನೂ ಅನ್ನದೆ ರಾಜ ಗದ್ದುಗೆ ಇಳೀತಾನಾ ಮೇಷ್ಟ್ರೇ? ನಮ್ಮನೆ ಗಂಡಸು ಕುರ್ಚಿ ಬಿಟ್ಟೇ ಏಳಲ್ಲ. ಅವಳು ಮಾತಾಡಿದಾಳೆ. ಹರ್ಕೊಂಡು ಹೋದವರು ಯಾರಾದ್ರೂ ಆಗ್ಲಿ, ಮಾತು ಅವಳದು."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ; ಸೂಜಿ ಹಿಡಿದವರು ಹೊಲಿಗೆ ನೋಡಿಕೊಂಡರೆ ಸಾಕು ಎಂದರು. ಅದನ್ನು ನೋಡಿಕೊಂಡೇ ಹೇಳಿದ್ದು ಎಂದು ಅಕ್ಕ ಹಿಂದಿರುಗಿದರು.

ಈಗ ಹತ್ತಕ್ಕೆ ಐದೇ ನಿಮಿಷ. ಗೇಟಿನ ಹೊರಗೆ ಗಾಡಿಯ ಸದ್ದು. ಅಷ್ಟರಲ್ಲಿ ಮೇಷ್ಟ್ರು ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಒಂದು ಕಾಲಕ್ಕೆ ಇದೇ ತರಗತಿಯಲ್ಲಿ ಇದೇ ನಾಟಕ ಓದಿದವರು. ಜೇಬಿನಿಂದ ನಾಲ್ಕು ಮಡಿಕೆಯ ಹಳದಿ ಹಾಳೆ ತೆಗೆದು ಮೇಜಿನ ಮೇಲಿಡುತ್ತಾರೆ.

"ಪರೀಕ್ಷೆಗೆ ಅಂತ ಹರ್ಕೊಂಡಿದ್ದೆ ಅಕ್ಕಾ. ಆಮೇಲೆ ಕೊಡೋಕೆ ಮುಖ ಇರ್ಲಿಲ್ಲ."

ಅಕ್ಕ ಕತ್ತರಿ ಎತ್ತಿಕೊಳ್ಳುತ್ತಾರೆ. ಖಾಲಿ ಹಾಳೆಯ ಹೊಲಿಗೆ ಬಿಚ್ಚುತ್ತಾರೆ. ಬಂದ ಹಾಳೆಯ ಮಡಿಕೆಗಳನ್ನು ಅಂಗೈಯಿಂದ ತೀಡಿ, ತಿರುವಿ ನೋಡುತ್ತಾರೆ.

ಎರಡೂ ಮಗ್ಗುಲು ರಾಣಿಯದೇ ಮಾತು.