ಮೇವಿನ ಸದ್ದಿಗೆ ಬಂದವು

ದೊಡ್ಡ ಮೀನುಗಳ ಬಾಲ ನೋಡಿದರೆ ಶಿಗೆನೊಗೆ ಹೇಸಿಗೆಯಾಗುತ್ತಿತ್ತು. ಸಿಮೆಂಟಿನ ತೊಟ್ಟಿಯಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಬೆಳೆದ ಟ್ರೌಟುಗಳ ಬಾಲ ಸವೆದು ಹಳೆಯ ಮರದ ಸೌಟಿನಂತೆ ಮೊಂಡಾಗಿರುತ್ತಿತ್ತು. ಎದೆಯ ಪಕ್ಕದ ಈಜುರೆಕ್ಕೆಗಳು ಯಾರೋ ಕಚ್ಚಿ ಉಗಿದಂತೆ ಗಂಟುಗಂಟು. ಹೊಟ್ಟೆ ಸೀಳಿದರೆ ಬಿಳಿಯ ಕೊಬ್ಬು ಬೆರಳಸಂದಿಗೆ ಮೆತ್ತಿಕೊಂಡು, ಅರ್ಧ ಕರಗಿದ ಕಂದು ಮೇವು ಅಂಬಲಿಯಂತೆ ಹಲಗೆಯ ಮೇಲೆ ಹರಿಯುತ್ತಿತ್ತು. ತಮ್ಮ ತೊಕುಜಿಯ ಕೆರೆಯ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ ನಿಂತು, ಗಿರಾಕಿಗಳು ಹಿಡಿದ ಮೀನನ್ನು ಸೀಳಿ ತೊಳೆದು ಕೊಡುವುದೇ ಅವಳ ಕೆಲಸ.

ಕೆರೆಯೆಂದರೆ ಮೊದಲು ಅವರ ಅಪ್ಪನ ಭತ್ತದ ಗದ್ದೆ. ಮೂರು ಮೆಟ್ಟಿಲು ಗದ್ದೆಯನ್ನು ಅಗೆಸಿ ಒಂದು ಮಾಡಿ, ಹೊಳೆಯಿಂದ ನೀರು ತಿರುಗಿಸಿ, ತೊಕುಜಿ ಅದರಲ್ಲಿ ತೋಳಿನಷ್ಟು ದಪ್ಪದ ಟ್ರೌಟುಗಳನ್ನು ತಂದುಬಿಟ್ಟಿದ್ದ. ನಗೊಯಾದಿಂದ ಗಂಡಸರು ಕಾರಿನಲ್ಲಿ ಬಂದು, ದುಡ್ಡು ಕೊಟ್ಟು, ಸೊಂಟದವರೆಗಿನ ರಬ್ಬರಿನ ಉಡುಪು ತೊಟ್ಟು, ಒಣ ದಂಡೆಯ ಮೇಲೆ ನಿಂತು ಗಾಳ ಬೀಸುತ್ತಿದ್ದರು. ನೀರಿಗಿಳಿಯುವ ಅಗತ್ಯವೇ ಇರಲಿಲ್ಲ.

"ದೊಡ್ಡಮ್ಮ, ತಲೆ ತೆಗೀಬೇಡಿ, ಫೋಟೋ ಬಾಕಿ ಇದೆ," ಎನ್ನುತ್ತಿದ್ದರು.

"ಬೇಗ ಹಿಡ್ಕೊಂಡು ನಿಂತ್ಕೊಳ್ಳಪ್ಪ. ಸ್ವಲ್ಪ ಹೊತ್ತಾದ್ರೆ ನಿಮ್ಮಿಬ್ಬರಲ್ಲಿ ಯಾರು ಮೀನು ಅಂತ ಗೊತ್ತಾಗಲ್ಲ."

ಅವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಅವರ ಗಾಳದ ತುದಿಯಲ್ಲಿ ಜಿಂಕೆಯ ಕೂದಲನ್ನು ಉಂಡೆಯಾಗಿ ಕತ್ತರಿಸಿ ಕೊಕ್ಕೆಗೆ ಕಟ್ಟಿದ ಕಂದು ಗುಂಡು ಇರುತ್ತಿತ್ತು, ಥೇಟ್ ಮೇವಿನ ಗುಳಿಗೆಯಂತೆ.

"ಇದು ಯಾವ ಹುಳ?" ಎಂದು ಒಮ್ಮೆ ಕೇಳಿದ್ದಳು.

"ಗುಳಿಗೆ ಹುಳ, ದೊಡ್ಡಮ್ಮ. ನಿಮ್ಮ ತಮ್ಮನ ಮೇವಿನ ಚೀಲದಲ್ಲಿ ಹುಟ್ಟತ್ತೆ."

ಸಂಜೆ ಗಿರಾಕಿಗಳು ಹೋದ ಮೇಲೆ ತೊಕುಜಿ ಬಕೆಟಿನಿಂದ ಮೇವನ್ನು ಮೊಗೆದು ಬೀಸಿ ಎಸೆಯುತ್ತಿದ್ದ. ಆಲಿಕಲ್ಲು ಬಿದ್ದಂತೆ ಸದ್ದು. ಮರುಕ್ಷಣವೇ ಇಡೀ ಕೆರೆ ಕುದಿಯುತ್ತಿತ್ತು. ಬಾಯಿ, ಬೆನ್ನು, ಬಾಯಿ. ಶಿಗೆನೊ ಆ ಹೊತ್ತಿಗೆ ಸರಿಯಾಗಿ ಚಾಕು ತೊಳೆಯಲು ಹಿಂದಕ್ಕೆ ಹೋಗಿಬಿಡುತ್ತಿದ್ದಳು.

ಅವಳ ಮೀನು ಬೇರೆ. ಊರಿನ ಮೇಲೆ, ಹೊಳೆ ಎರಡಾಳೆತ್ತರದಿಂದ ಧುಮುಕುವ ಜಾಗವಿದೆ. ಕೆಳಗಿನ ಹೊಳೆಗೆ ಮೀನುಗಾರರ ಸಂಘದವರು ವರ್ಷವರ್ಷವೂ ಮರಿ ತಂದು ಬಿಡುತ್ತಾರೆ. ಆ ಧಾರೆಯನ್ನು ಯಾವ ಮೀನೂ ಹತ್ತಲಾರದು. ಅದರಾಚೆ ಇರುವ ಇವಾನ ಎಂಬ ಹೊಳೆಮೀನುಗಳು ಯಾರೂ ತಂದುಬಿಟ್ಟವಲ್ಲ. ಅಂಗೈಯಷ್ಟು ಉದ್ದ, ಒದ್ದೆ ಕಲ್ಲಿನ ಬಣ್ಣ, ಮೈಮೇಲೆ ತಿಳಿಯಾದ ಚುಕ್ಕೆ. ಕೈಗೆತ್ತಿಕೊಂಡರೆ ಬಾಲದ ಅಂಚು ಹೊಸ ಕಾಗದದಷ್ಟು ಚೂಪು.

ಅಲ್ಲಿಗೆ ಅವಳನ್ನು ಕರೆದೊಯ್ದವನು ಅಪ್ಪ. ಕಣಿವೆಯ ಬಿಸಿನೀರಿನ ಬುಗ್ಗೆಯ ಪಕ್ಕದ ವಸತಿಗೃಹಕ್ಕೆ ಇವಾನ ಹಿಡಿದು ಕೊಡುವುದು ಅವನ ಕಸುಬು. ಬೆಟ್ಟದ ದೇವಿಗೆ ಹೆಂಗಸರನ್ನು ಕಂಡರಾಗದು ಎಂದು ಊರವರು ಹೇಳುತ್ತಿದ್ದರು. ಆದರೆ ತೊಕುಜಿಗೆ ಧಾರೆಯ ಬಂಡೆ ಹತ್ತಲು ಭಯ. ಅಪ್ಪ ತೊಕುಜಿಯ ಟೋಪಿಯನ್ನು ಮಗಳ ತಲೆಗಿಟ್ಟು, "ದೇವಿ ಕೇಳಿದ್ರೆ ಹುಡುಗ ಅನ್ನು," ಎಂದು ಕರೆದೊಯ್ದ. ಕೊಕ್ಕೆಗೆ ಹೊಲಿಗೆಯ ದಾರ ಸುತ್ತಿ, ಕಾಡುಕೋಳಿಯ ಗರಿಯನ್ನು ಮುಂದಕ್ಕೆ ಬಾಗಿಸಿ ಕಟ್ಟುವ ಹುಸಿ ಹುಳು, ಕೆಬರಿ, ಅವಳ ಕೈಗೆ ಬಂದದ್ದು ಹಾಗೆ. ಉದ್ದನೆಯ ಕೋಲು, ಒಂದೇ ದಾರ, ಅದರ ತುದಿಗೆ ಆ ಗರಿ. ನೆರಳು ನೀರಿಗೆ ಬೀಳದಂತೆ ಕೂರಬೇಕು. ಕಲ್ಲು ಜಾರಿ ಸದ್ದಾದರೆ ಆ ಮಡುವನ್ನು ಬಿಟ್ಟು ಮುಂದೆ ಹೋಗಬೇಕು, ಆ ದಿನಕ್ಕೆ ಅಲ್ಲಿ ಏನೂ ಇಲ್ಲ.

ತಕಾಯಾಮಾದ ಒಬ್ಬ ಬಡಗಿಯನ್ನು ಮದುವೆಯಾಗಿ ಹೋದಳು. ಅವನು ಒಳ್ಳೆಯವನು, ಕೆಮ್ಮಿ ಕೆಮ್ಮಿ ಸತ್ತ. ಊರಿಗೆ ಮರಳಿದಾಗ ಗದ್ದೆ ಕೆರೆಯಾಗಿತ್ತು, ತಮ್ಮ ಅವಳ ಕೈಗೆ ಚಾಕು ಕೊಟ್ಟ. ಬೇಡ ಎನ್ನಲು ಅವಳ ಬಳಿ ಬೇರೆ ಕೆಲಸವಿರಲಿಲ್ಲ. ಬುಧವಾರ ಕೆರೆಗೆ ರಜೆ. ಆ ದಿನ ಅಕ್ಕಿಯುಂಡೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಧಾರೆಯಾಚೆ ಹೋಗುತ್ತಿದ್ದಳು. ಒಂದು ಮೀನು ಹಿಡಿದರೆ ಹಿಡಿದಳು. ಇಲ್ಲದಿದ್ದರೆ ಉಂಡೆ ತಿಂದು, ಕೈಯ ಮೇವಿನ ನಾತ ಹೋಗುವವರೆಗೆ ಮರಳಿನಲ್ಲಿ ಉಜ್ಜಿ ತೊಳೆದುಕೊಂಡು ಬರುತ್ತಿದ್ದಳು.

ಆ ಬೇಸಿಗೆಯ ಕೊನೆಯಲ್ಲಿ ಮುರೋಯಿ ಎಂಬ ಹಲ್ಲಿನ ಡಾಕ್ಟರಿಗೆ ಕೆರೆ ಬೇಸರವಾಯಿತು. ಇದ್ದಬದ್ದ ದೊಡ್ಡ ಮೀನುಗಳೆಲ್ಲ ಅವನ ಕೈಗೆ ಒಂದೆರಡು ಸಲ ಬಂದುಹೋಗಿದ್ದವು. ಅವನು ಮೀನು ಕೊಲ್ಲುವವನಲ್ಲ. ಬಿಡುವ ಮೊದಲು ಮುತ್ತು ಕೊಡುತ್ತಿದ್ದ. ಅದನ್ನು ನೋಡಿದ ದಿನ ಶಿಗೆನೊಗೆ ಮಧ್ಯಾಹ್ನದ ಊಟ ಸೇರಲಿಲ್ಲ.

"ಇಲ್ಲಿ ಮೀನಿದೆ, ಹೊಳೆಯಿಲ್ಲ," ಎಂದ ಮುರೋಯಿ, ಮಾಡಿನ ಕೆಳಗೆ ಕೂತು ಸೊಬಾ ಶಾವಿಗೆ ಹೀರುತ್ತ. "ಹೊಳೆಗೆ ಹೋದ್ರೆ ಬರೋದು ಬೆರಳಷ್ಟು ಮೀನು, ಪೆನ್ಸಿಲ್ಲು. ಎರಡೂ ಒಟ್ಟಿಗೆ ಎಲ್ಲಾದ್ರೂ ಸಿಗತ್ತಾ ತೊಕುಜಿ? ಪತ್ರಿಕೆಗೆ ಒಂದು ಲೇಖನ ಬರೀಬೇಕು ಅಂತಿದೀನಿ."

"ಸಿಗದೇ ಏನು ಡಾಕ್ಟ್ರೇ," ಎಂದ ತೊಕುಜಿ.

ಡಾಕ್ಟರು ಹೋದ ಮೇಲೆ ತಮ್ಮ ಹಲಗೆಯ ಬಳಿ ಬಂದು ನಿಂತ. ಮುಂದಿನ ಮಾತೇನೆಂದು ಅವಳಿಗೆ ಗೊತ್ತಿತ್ತು.

"ಧಾರೆ ಮೇಲಿನ ದೊಡ್ಡ ಮಡು ಇದೆಯಲ್ಲ ಅಕ್ಕ. ಅಲ್ಲೊಂದು ನಾಲ್ಕು ಬಿಟ್ರೆ ಏನಾಗತ್ತೆ?"

"ಬೇಡ."

"ಮರಿ ಹಾಕೋ ಜಾತಿಯಲ್ಲ ಅವು. ಬಂಜೆ ಮೀನು."

"ತಿನ್ನೋಕೆ ಬಂಜೆ ಅಲ್ಲವಲ್ಲ. ಅಂಗೈಯಷ್ಟು ಮೀನಿರೋ ನೀರಿಗೆ ಈ ಹಂದಿಗಳನ್ನ ಬಿಟ್ರೆ ವರ್ಷದೊಳಗೆ ಒಂದು ಮರೀನೂ ಉಳಿಯಲ್ಲ."

"ಈ ಹಂದಿಗಳೇ ಅಕ್ಕ ನಿಂಗೆ ಅನ್ನ ಹಾಕ್ತಿರೋದು."

ಅವಳು ಮುಂದಿನ ಮೀನಿನ ಹೊಟ್ಟೆಗೆ ಚಾಕು ಇಟ್ಟಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ಅವಳಿಗೆ ಹೆಚ್ಚು ಹೇಸಿಗೆ.

ಎರಡು ವಾರದ ನಂತರದ ಬುಧವಾರ ಧಾರೆಯಾಚೆಯ ದೊಡ್ಡ ಮಡು ಖಾಲಿಯಾಗಿ ಕಂಡಿತು. ಬಂಡೆಯ ಹಿಂದೆ ಮೊಣಕಾಲೂರಿ ಬಹಳ ಹೊತ್ತು ನೋಡಿದಳು. ಆಳವಿಲ್ಲದ ಅಂಚಿನಲ್ಲಿ ಯಾವಾಗಲೂ ಮಿಡಿಯುವ ಮರಿಗಳಿಲ್ಲ. ನೀರು ಮಾತ್ರ ಎಂದಿನಂತೆ ತಿಳಿ, ತಳದ ಒಂದೊಂದು ಕಲ್ಲೂ ಎಣಿಸುವಷ್ಟು ಸ್ಪಷ್ಟ. ಆಮೇಲೆ ಬಂಡೆಯ ನೆರಳೇ ಅಲುಗಿತು. ನೆರಳು ಬೆಳಕಿಗೆ ಬಂದಾಗ ಅದಕ್ಕೊಂದು ಮೊಂಡು ಬಾಲವಿತ್ತು.

ಅವಳಿಗೆ ಅಡುಗೆಮನೆಯ ಕುಡಿಯುವ ನೀರಿನಲ್ಲಿ ಯಾರೋ ಕಾಲು ತೊಳೆದದ್ದನ್ನು ಕಂಡಂತಾಯಿತು.

ಕೆಬರಿಯನ್ನು ಅದರ ಮೂಗಿನ ಮುಂದೆಯೇ ಇಳಿಸಿದಳು. ಟ್ರೌಟು ನೋಡಲೂ ಇಲ್ಲ. ಗರಿಯ ಹುಳು ತಿನ್ನುವ ವಸ್ತುವೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಸಂಜೆ ಬಂದವಳೇ ಚಪ್ಪಲಿ ಬಿಡದೆ ತಮ್ಮನ ಮನೆಯ ಬಾಗಿಲಲ್ಲಿ ನಿಂತಳು. "ಎಷ್ಟು ಬಿಟ್ಟೆ?"

ತೊಕುಜಿ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನಾಲ್ಕೇ."

"ಹೇಗೆ ಹೊತ್ತೆ?"

"ಮರ ಸಾಗಿಸೋ ಹಳೇ ಲಾರಿ ದಾರೀಲಿ ಸುತ್ತು ಹಾಕ್ಕೊಂಡು. ಡಬ್ಬಿ ಬೆನ್ನಿಗೆ ಕಟ್ಕೊಂಡು. ಸೊಂಟ ಇನ್ನೂ ನೋಯ್ತಿದೆ."

"ನೋಯಲಿ."

"ಡಾಕ್ಟ್ರು ಭಾನುವಾರ ಬರ್ತಾರೆ. ಆಮೇಲೆ ನಾನೇ ತೆಗೀತೀನಿ ಅಕ್ಕ, ಆಣೆ."

"ಧಾರೆ ಬಂಡೆ ಹತ್ತೋಕೆ ಹೆದರೋನು ನೀನು. ಮಡುವಿಗೆ ಇಳಿದು ತೆಗೀತೀಯಾ?"

ಅವನು ಟೀವಿಯ ಸದ್ದು ಹೆಚ್ಚಿಸಿದ.

ಮಾರನೆಯ ದಿನ ಮಾಡಿನ ಕೆಳಗೆ ಗಿರಾಕಿಯೊಬ್ಬ ಕಳಚಿಟ್ಟು ಮರೆತುಹೋದ ಕಂದು ಗುಂಡೊಂದನ್ನು ಶಿಗೆನೊ ಕಂಡಳು. ಅದನ್ನು ಎತ್ತಿಕೊಳ್ಳಲು ಅವಳಿಗೆ ಅರ್ಧ ದಿನ ಬೇಕಾಯಿತು. ಕೊನೆಗೆ ಎರಡು ಬೆರಳಲ್ಲಿ ಹಿಡಿದು, ಸತ್ತ ಜಿರಲೆಯನ್ನು ಸುತ್ತುವಂತೆ ಕಾಗದದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡಳು. ತಲೆನೋವೆಂದು ಹೇಳಿ ಬೇಗ ಹೊರಟು ಧಾರೆ ಹತ್ತಿದಳು.

ಮಡುವಿನ ದಂಡೆಯಲ್ಲಿ ಅವಳು ಅಡಗಲಿಲ್ಲ. ನೇರವಾಗಿ ಎದ್ದು ನಿಂತಳು. ಒಂದು ಹಿಡಿ ಸಣ್ಣ ಜಲ್ಲಿಯನ್ನು ತೆಗೆದು, ತಮ್ಮ ಬೀಸುವಂತೆಯೇ ಕೈ ಬೀಸಿ ನೀರಿಗೆಸೆದಳು. ತನ್ನ ಜೀವಮಾನದಲ್ಲಿ ಆ ಮಡುವಿನಲ್ಲಿ ಅಷ್ಟು ಸದ್ದು ಮಾಡಿದವಳಲ್ಲ. ಕಲ್ಲಿನ ಬುಡದಿಂದ ಎರಡು ಮೂರು ತೆಳ್ಳನೆಯ ಗೆರೆಗಳು ಚಿಮ್ಮಿ ಮೇಲಿನ ಬಿಳಿನೀರಿಗೆ ಓಡಿಹೋದವು. ಅವು ಇವಾನ. ಟ್ರೌಟುಗಳು ಓಡಲಿಲ್ಲ, ಬಾಯಿ ತೆರೆದುಕೊಂಡು ಅವಳ ಕಾಲಬುಡಕ್ಕೇ ಈಜಿ ಬಂದವು.

ಕೋಲಿನ ದಾರಕ್ಕೆ ಕಟ್ಟಿದ ಕಂದು ಗುಂಡನ್ನು ಅವುಗಳ ನಡುವೆ ಇಟ್ಟಳು. ಎಸೆಯಬೇಕಾಗಿಯೂ ಇರಲಿಲ್ಲ. ಒಂದು ಬಂದು ನುಂಗಿತು, ಗಿರಾಕಿಯನ್ನು ಎಳೆದಂತೆ ಸ್ವಲ್ಪ ಎಳೆಯಿತು, ಸೋತಿತು. ಕಲ್ಲಿನಿಂದ ತಲೆಗೆ ಹೊಡೆದು ಮುಗಿಸಿ ಮತ್ತೆ ಜಲ್ಲಿ ಎಸೆದಳು. ಜೊತೆಯದು ಸತ್ತದ್ದನ್ನು ಕಂಡೂ ಎರಡನೆಯದು ಬಂತು. ಮೂರನೆಯದು ಬಂತು. ಅವುಗಳ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ನಂಬಿಕೆಯಿಂದ ಬರುವ ಜೀವವನ್ನು ಕೊಲ್ಲುವ ತನ್ನ ಕೈಯನ್ನು, ಆ ಕೈ ಕಲಿತ ಕೆರೆಯ ಬೀಸನ್ನು ಕಂಡು ಅವಳಿಗೆ ಹೇಸಿಗೆಯಾಯಿತು.

ನಾಲ್ಕನೆಯದು ಬರಲಿಲ್ಲ. ಎಷ್ಟು ಜಲ್ಲಿ ಎಸೆದರೂ ಬಂಡೆಯ ಕೆಳಗೆ ಹೆಬ್ಬೆರಳಿನಷ್ಟು ಬಿಳಿ ಬಾಯಿ ಮುಚ್ಚುತ್ತ ತೆರೆಯುತ್ತ ಇತ್ತು. ಶುಕ್ರವಾರವೂ ಹೋದಳು, ಶನಿವಾರವೂ. ಸದ್ದಾದರೆ ಅದು ಇನ್ನಷ್ಟು ಒಳಕ್ಕೆ ಸರಿಯುತ್ತಿತ್ತು.

ಭಾನುವಾರ ತೊಕುಜಿ ಡಾಕ್ಟರನ್ನು ಲಾರಿದಾರಿಯಲ್ಲಿ ಕರೆತಂದಾಗ ಶಿಗೆನೊ ಆಗಲೇ ಮಡುವಿನ ಬಳಿ ಕೂತಿದ್ದಳು. ತಮ್ಮನ ಮುಖ ಕಪ್ಪಿಟ್ಟಿತು. ಮುರೋಯಿ ಮಾತ್ರ ಬಗ್ಗಿ ನಮಸ್ಕರಿಸಿದ.

"ಶಿಗೆನೊ ಅವರೂ ಬಂದಿದೀರಾ. ಎಂಥ ಜಾಗ! ಉಸಿರಾಡೋದೇ ಒಂದು ಸುಖ ನೋಡಿ ಇಲ್ಲಿ."

ಅವನಿಗೆ ಗಾಳ ಬೀಸಲು ಚೆನ್ನಾಗಿಯೇ ಬರುತ್ತಿತ್ತು, ಅದನ್ನು ಅವಳು ಒಪ್ಪಬೇಕಾಯಿತು. ಸಣ್ಣ ಮೀನಿನಂತೆ ಕಟ್ಟಿದ ಬೆಳ್ಳಿಬಣ್ಣದ ಗರಿಯೊಂದನ್ನು ಬಂಡೆಯ ಅಂಚಿಗೆ ಸರಿಯಾಗಿ ಇಳಿಸಿದ. ಒಳಗಿನಿಂದ ನಾಲ್ಕನೆಯದು ಹೊರಗೆ ನುಗ್ಗಿತು. ಮಡು ಕಲಕಿಹೋಯಿತು, ಮಣ್ಣೆದ್ದಿತು, ಡಾಕ್ಟರು ಅತ್ತಿಂದಿತ್ತ ಓಡಾಡಿ ತುಳಿದ ಅಂಚಿನ ಜಲ್ಲಿ ಉರುಳಿತು. ಕೊನೆಗೆ ಬಲೆಯೊಳಗೆ ಮೀನನ್ನು ಹಿಡಿದು ನೀರಲ್ಲಿ ಮೊಣಕಾಲೂರಿದ.

"ನೋಡಿ ಬಣ್ಣ! ಕಾಡಿನ ಮೀನಿನ ಬಣ್ಣವೇ ಬೇರೆ. ಅಲ್ವಾ ತೊಕುಜಿ?"

"ಹೌದು ಡಾಕ್ಟ್ರೇ," ಎಂದ ತೊಕುಜಿ. ಕ್ಯಾಮೆರಾ ಹಿಡಿದ ಅವನ ಕಣ್ಣು ಅಕ್ಕನ ಕಡೆ ತಿರುಗಲಿಲ್ಲ.

ಸವೆದ ಬಾಲ ಡಾಕ್ಟರ ಅಂಗೈಯಲ್ಲಿ ಪಟಪಟ ಬಡಿಯುತ್ತಿತ್ತು. ಅವನು ತುಟಿ ಮುಂದೆ ಮಾಡಿ ಬಗ್ಗಿದ.

"ಕೊಡಿ ಇಲ್ಲಿ," ಎಂದಳು ಶಿಗೆನೊ.

"ಏನು? ಇಲ್ಲ ಇಲ್ಲ, ನಾನು ಬಿಡೋದು. ನಾನು ಯಾವತ್ತೂ ಕೊಲ್ಲಲ್ಲ."

ಅವಳು ಬಲೆಯ ಹಿಡಿಗೆ ಕೈ ಹಾಕಿ ಎಳೆದುಕೊಂಡಳು. ಅರವತ್ತರ ಹೆಂಗಸಿನೊಡನೆ ಜಗ್ಗಾಡಲು ಅವನಿಗೆ ನಾಚಿಕೆಯಾಗಿರಬೇಕು, ಬಿಟ್ಟುಬಿಟ್ಟ. ದಂಡೆಯ ಕಲ್ಲಿಗೆ ತಲೆ ತಾಗಿಸಿ ಒಂದೇ ಪೆಟ್ಟು. ಮುರೋಯಿ ಮುಖ ತಿರುಗಿಸಿಕೊಂಡ.

"ಕಟುಕರು ಮಾಡೋ ಕೆಲಸ ಇದು," ಎಂದ ಮೆಲ್ಲಗೆ.

"ಹೌದು, ನಾನು ಅದೇ ಕೆಲಸದವಳು," ಎಂದು ಚಾಕು ತೆಗೆದಳು.

ಹೊಟ್ಟೆ ಸೀಳಿದಾಗ ಕಂದು ಅಂಬಲಿ ಬರಲಿಲ್ಲ. ಇವಾನ ಮರಿಗಳು ಬಂದವು, ಒಂದರ ಮೇಲೊಂದು ಒತ್ತಿಟ್ಟಂತೆ. ಒಳಗಿನವು ಆಗಲೇ ಬಿಳಿಯ ಲೋಳೆ. ಮೇಲಿನ ಎರಡರ ಚುಕ್ಕೆಗಳು ಇನ್ನೂ ಮಾಸಿರಲಿಲ್ಲ. ತೊಕುಜಿ ನೋಡಿದ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಪೊದೆಯ ಕಡೆ ನಡೆದ.

"ಕೆರೆ ಮೀನು ಇದು ಡಾಕ್ಟ್ರೇ," ಎಂದಳು ಶಿಗೆನೊ. "ನಿಮಗೋಸ್ಕರ ತಂದು ಬಿಟ್ಟಿದ್ದು."

ಮುರೋಯಿ ಕೈ ಒರೆಸಿಕೊಳ್ಳುತ್ತಿದ್ದ. ಅವನು ಬೆಚ್ಚಲಿಲ್ಲ.

"ಗೊತ್ತಿಲ್ಲ ಅಂದ್ಕೊಂಡ್ರಾ? ಗೊತ್ತಿತ್ತು. ನೀವು ಬಾಯಿಬಿಟ್ಟು ಹೇಳಬಾರದಿತ್ತು, ಅಷ್ಟೇ."

ಮೀನಿನ ಕರುಳಿಗಿಂತ ಹೊಲಸಾದದ್ದನ್ನು ಮುಟ್ಟಿದಂತೆ ಶಿಗೆನೊಳ ಕೈ ತಾನಾಗಿ ನೀರಿಗೆ ಹೋಯಿತು.

"ಇನ್ನೊಂದು ಇದೆಯಾ?" ಎಂದು ಕೇಳಿದ ಮುರೋಯಿ.

"ಇಲ್ಲ."

"ಮತ್ತೆ ಇಲ್ಲಿ ಏನಿದೆ?"

"ನೀವು ಪೆನ್ಸಿಲ್ಲು ಅಂದ್ರಲ್ಲ, ಅದು."

ಅವನು ಮಡುವಿನ ಮೇಲಿನ ಬಿಳಿನೀರಿನತ್ತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಕೋಲನ್ನು ತುಂಡುತುಂಡಾಗಿ ಕಳಚಿ ಚೀಲಕ್ಕೆ ತುಂಬತೊಡಗಿದ. ಪೊದೆಯಿಂದ ಮರಳಿದ ತೊಕುಜಿಯನ್ನು, "ಕೆರೆ ಇವತ್ತು ಸಂಜೆವರೆಗೂ ತೆಗೆದಿರತ್ತಾ?" ಎಂದು ಕೇಳಿದ.

"ತೆಗೆದಿರತ್ತೆ ಡಾಕ್ಟ್ರೇ."

ಮುರೋಯಿ ಮುಂದೆ ನಡೆದ ಮೇಲೆ ತೊಕುಜಿ ಹಿಂದುಳಿದ. "ಇನ್ನು ಇಲ್ಲಿಗೆ ಯಾರನ್ನೂ ಕರ್ಕೊಂಡು ಬರಲ್ಲ. ಯಾರೂ ಕೇಳೋದೂ ಇಲ್ಲ ಬಿಡು," ಎಂದ. ಮತ್ತೆ, "ನಾಳೆ ಬರ್ತೀಯಲ್ಲ ಅಕ್ಕ?"

"ಬರಲ್ಲ."

"ಹೊಟ್ಟೆಗೇನು ಮಾಡ್ತೀಯ?"

"ಗೊತ್ತಿಲ್ಲ. ಈ ಮೀನು ತಗೊಂಡು ಹೋಗು. ಇದನ್ನ ಇಲ್ಲಿ ಹೂಳೋಕೂ ನಂಗೆ ಮನಸ್ಸಿಲ್ಲ."

ಅವನು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹೋದ. ಶಿಗೆನೊ ಬೊಗಸೆಬೊಗಸೆ ನೀರು ಸುರಿದು ರಕ್ತದ ಕಲ್ಲನ್ನು ತೊಳೆದಳು. ಕಲಕಿದ ನೀರು ನಿಧಾನ ತಿಳಿಯಾಗುತ್ತಿತ್ತು. ಇಷ್ಟು ಗದ್ದಲವಾದ ಮೇಲೆ ಇವತ್ತು ಒಂದೂ ಮರಿ ಕೆಳಗಿಳಿಯದು ಎಂದು ಅವಳಿಗೆ ಗೊತ್ತಿತ್ತು. ಆದರೂ ನೆರಳು ಬೀಳದ ಜಾಗ ನೋಡಿ ಬಂಡೆಯ ಹಿಂದಕ್ಕೆ ಸರಿದು ಕೂತಳು.