ವೆರಾಕ್ರೂಸ್‌ಗೆ ಜೋಳ, ಅಕಾಪುಲ್ಕೋಗೆ ಕಾಳು

ಸಾನ್ ಇಸಿದ್ರೊ ಕೇರಿಯಲ್ಲಿ ಕೋಳಿಗಿಂತ ಮೊದಲು ಕೂಗುವುದು ಡೋನ್ಯಾ ಎಲೋದಿಯಾಳ ಗಿರಣಿ. ಹೆಂಗಸರು ರಾತ್ರಿಯೇ ಸುಣ್ಣದ ನೀರಲ್ಲಿ ಬೇಯಿಸಿಟ್ಟ ಮುಸುಕಿನ ಜೋಳವನ್ನು ಬಕೆಟ್ಟಿನಲ್ಲಿ ಹೊತ್ತು ಕತ್ತಲಲ್ಲೇ ಸಾಲು ನಿಲ್ಲುತ್ತಾರೆ. ಅವಳು ಒಬ್ಬೊಬ್ಬರದಾಗಿ ಗಿರಣಿಗೆ ಸುರಿದು, ಬಿಸಿ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಮುದ್ದೆ ಮಾಡಿ ಕೊಡುತ್ತಾಳೆ. ಮಲಿಂಚೆ ಬೆಟ್ಟದ ಹಿಂದಿನಿಂದ ಸೂರ್ಯ ಮೇಲೆ ಬರುವ ಹೊತ್ತಿಗೆ ಅವಳ ಅರ್ಧ ದಿನದ ಕೆಲಸ ಮುಗಿದಿರುತ್ತದೆ. ಇಷ್ಟು ವರ್ಷ ಒಂದು ಸೂರ್ಯೋದಯವನ್ನೂ ಬಿಟ್ಟವಳಲ್ಲ. ಸಂಜೆಯದೇ ಕಷ್ಟ. ಬಿಸಿಲು ಇಳಿಯುತ್ತಿದ್ದಂತೆ ಅವಳ ರೆಪ್ಪೆಗಳೂ ಇಳಿಯುತ್ತವೆ. ಕುರ್ಚಿ ಸಿಕ್ಕರೆ ಕುರ್ಚಿಯಲ್ಲಿ, ಇಗರ್ಜಿಯ ಬೆಂಚು ಸಿಕ್ಕರೆ ಬೆಂಚಿನಲ್ಲಿ, ತಲೆ ವಾಲಿಸಿಬಿಡುತ್ತಾಳೆ. ಒಮ್ಮೆ ಪಾದ್ರಿಗಳು ಪ್ರಸಂಗ ನಿಲ್ಲಿಸಿ, "ಯಾರಾದ್ರೂ ಎಲೋದಿಯಾನ ಅಲ್ಲಾಡಿಸಿ, ಗೊರಕೆಗೆ ಸಂತರಿಗೂ ಎಚ್ಚರ ಆಗತ್ತೆ" ಅಂದಿದ್ದರು.

ಅವಳ ಮದುವೆಯಾದ ಹೊಸತರಲ್ಲಿ ಗಂಡ ಫಿದೆನ್ಸಿಯೊ ಅವಳಿಗೆ ಸಮುದ್ರ ತೋರಿಸುತ್ತೇನೆಂದು ಹೊರಟಿದ್ದ. ಕೇರಿಯ ಹೆಂಗಸರು ಗಿರಣಿ ಬಾಗಿಲಿಗೆ ಅಡ್ಡ ನಿಂತರು. ನೀವು ಹೋದರೆ ನಮಗೆ ಹಿಟ್ಟು ಯಾರು ಕೊಡುತ್ತಾರೆ, ಹಿಟ್ಟಿಲ್ಲದಿದ್ದರೆ ರೊಟ್ಟಿ ಎಲ್ಲಿಂದ ಬರುತ್ತದೆ ಎಂದು ಶುರುವಾಯಿತು. ಫಿದೆನ್ಸಿಯೊ ತಲೆ ಕೆರೆದುಕೊಂಡು, "ಹಾಗಾದ್ರೆ ನೀವೂ ಬನ್ನಿ" ಅಂದ. ಬಂದೇಬಿಟ್ಟರು. ಅಂದಿನಿಂದ ಪ್ರತಿ ವರ್ಷ ಈಸ್ಟರ್ ಕಳೆದ ಮರುವಾರ ಗಿರಣಿಗೆ ಬೀಗ ಬೀಳುತ್ತದೆ, ಕೇರಿ ಪೂರ್ತಿ ಒಂದೇ ಬಸ್ಸಿನಲ್ಲಿ ಸಮುದ್ರಕ್ಕೆ ಹೊರಡುತ್ತದೆ. ಈಸ್ಟರಿಗೆ ಮುಂಚಿನ ವಾರ ಹೋಗುವಂತಿಲ್ಲ. ಶುಭ ಶುಕ್ರವಾರ ನೀರಿಗಿಳಿದವರು ಮೀನಾಗುತ್ತಾರೆ ಎಂಬುದು ಕೇರಿಯ ನಂಬಿಕೆ. ನಂಬದವರೂ ಇದ್ದಾರೆ, ಆದರೆ ಪರೀಕ್ಷೆ ಮಾಡಿ ನೋಡಿದವರು ಇಲ್ಲ.

ಬಸ್ಸು ಹೋಗುತ್ತಿದ್ದದ್ದು ಯಾವಾಗಲೂ ವೆರಾಕ್ರೂಸ್‌ಗೆ. ಹತ್ತಿರ, ಪರಿಚಯ. ಸಂಜೆ ಚೌಕದಲ್ಲಿ ವಯಸ್ಸಾದವರು ಜೋಡಿಯಾಗಿ ನಿಧಾನಕ್ಕೆ ಕುಣಿಯುತ್ತಾರೆ, ಹಾಲು ಬೇಕಾದವರು ಕಾಫಿ ಲೋಟವನ್ನು ಚಮಚದಿಂದ ಟಿಣ್ ಟಿಣ್ ಬಡಿಯುತ್ತಾರೆ. ಎಲೋದಿಯಾಳಿಗೆ ಅಲ್ಲಿಯೂ ಹೊತ್ತಿಗೆ ಮುಂಚೆಯೇ ಎಚ್ಚರ. ಕೇರಿಯವರೆಲ್ಲ ಮಲಗಿರುವಾಗ ಒಬ್ಬಳೇ ಮರಳ ಮೇಲೆ ಕೂತು, ಸಮುದ್ರದಿಂದ ಸೂರ್ಯ ಏಳುವುದನ್ನು ನೋಡುತ್ತಾಳೆ. ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಸೂರ್ಯ, ಅದೇ ಹೊತ್ತು. ಕೈಯಲ್ಲಿ ಹಿಟ್ಟಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಅವಳ ಮನಸ್ಸಿದ್ದದ್ದು ಇನ್ನೊಂದು ಸಮುದ್ರದ ಮೇಲೆ. ಫಿದೆನ್ಸಿಯೊ ಮದುವೆಗೆ ಮುಂಚೆ ಅಕಾಪುಲ್ಕೋದಲ್ಲಿ ಹೋಟೆಲು ಕಟ್ಟುವ ಕಡೆ ಸಿಮೆಂಟು ಕಲಸಿದವನು. ಕೆಲಸ ಬಿಟ್ಟ ಮೇಲೆ ಗೆಳೆಯರ ಜೊತೆ ಪಕ್ಕದ ಪಿಯೆ ದೆ ಲಾ ಕ್ವೆಸ್ತಾ ತೀರಕ್ಕೆ ಹೋಗಿ ತೂಗುಮಂಚದಲ್ಲಿ ಬಿದ್ದುಕೊಳ್ಳುತ್ತಿದ್ದನಂತೆ. "ಅಲ್ಲಿ ಸೂರ್ಯ ಹುಟ್ಟಲ್ಲ ಕಣೇ, ಮುಳುಗ್ತಾನೆ. ಕಾದ ಎಣ್ಣೆಗೆ ದಪ್ಪ ರೊಟ್ಟಿ ಜಾರಿಸಿದ ಹಾಗೆ. ಬಾಯಿ ಮುಚ್ಚಿಕೊಂಡು ಕೂತ್ರೆ ಚುಂಯ್ ಅನ್ನೋ ಸದ್ದೂ ಕೇಳತ್ತೆ," ಅನ್ನುತ್ತಿದ್ದ. "ನಿನ್ನನ್ನ ಒಂದ್ಸಲ ಕರ್ಕೊಂಡು ಹೋಗ್ತೀನಿ. ದಿನ ಮುಗಿಯೋದನ್ನ ನೀನು ಒಂದು ಸಲವಾದ್ರೂ ಕೂತು ನೋಡಬೇಕು." ವರ್ಷ ವರ್ಷ ಹೇಳಿದ. ನಾಲ್ಕು ವರ್ಷದ ಹಿಂದೆ ಗಿರಣಿಯ ಕಲ್ಲು ಕುಟ್ಟಿ ಸರಿಮಾಡುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಾತು ಹಾಗೇ ಉಳಿಯಿತು. ಎಲೋದಿಯಾ ಅದನ್ನು ಯಾರ ಹತ್ತಿರವೂ ಆಡಲಿಲ್ಲ. ಊರಿನ ಆಸೆಗಳನ್ನೆಲ್ಲ ಸಾಲಿನಲ್ಲಿ ಕೇಳಿಸಿಕೊಳ್ಳುವವಳಿಗೆ ತನ್ನದೊಂದನ್ನು ಹೇಳಿಕೊಳ್ಳಲು ನಾಚಿಕೆ.

ಈ ವರ್ಷ ಅಕಾಪುಲ್ಕೋ ಕಡೆಗೆ ಹೊಸ ಹೆದ್ದಾರಿ ಆಗಿತ್ತು. ಕ್ಷೌರದ ಅಂಗಡಿಯ ನಿಕನೋರ್ ಗಿರಣಿ ಸಾಲಿನಲ್ಲೇ ಭಾಷಣ ಶುರು ಮಾಡಿದ.

"ಎಷ್ಟು ವರ್ಷ ಅಂತ ಆ ಮಣ್ಣು ನೀರಲ್ಲಿ ಕಾಲು ತೊಳ್ಕೊಳ್ಳೋದು? ಈ ಸಲ ಅಕಾಪುಲ್ಕೋ! ನೀಲಿ ನೀರು, ಬಂಡೆ ಮೇಲಿಂದ ಹಾರೋ ಹುಡುಗರು, ಕೆಂಡದ ಮೇಲೆ ಸುಟ್ಟ ಮೀನು!"

ಅವನಿಗೆ ಎದುರು ನಿಂತವಳು ಚೋಲೆ. ಎಲೋದಿಯಾಳ ಮಗಳ ದೀಕ್ಷಾಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತವಳಾದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಅಂದರೆ ಮಗುವಿನಿಂದಾದ ನೆಂಟರು. ಬಾಯಿ ಜೋರು, ಮಂಡಿ ನೋವು.

"ಅಷ್ಟು ದೂರ ಬಸ್ಸಲ್ಲಿ ಕೂತ್ರೆ ನನ್ನ ಮಂಡಿ ನಿನ್ನಪ್ಪ ಬಂದು ಬಿಡಿಸ್ತಾನಾ? ನೀನು ಹೋಗೋದು ಮೀನಿಗಲ್ಲ, ಬಿಕಿನಿ ನೋಡೋಕೆ. ಗೊತ್ತಿಲ್ವ ನಂಗೆ!"

ಸಾಲು ಹೋ ಎಂದು ನಕ್ಕಿತು. ನಿಕನೋರನ ಹೆಂಡತಿ ಮಾತ್ರ ನಗಲಿಲ್ಲ.

ಕೇರಿಯಲ್ಲಿ ಜಗಳ ತೀರದಿದ್ದರೆ ಮಡಕೆಗೆ ಕಾಳು ಹಾಕಿ ಎಣಿಸುವುದು ವಾಡಿಕೆ. ಹಬ್ಬಕ್ಕೆ ಯಾವ ಬ್ಯಾಂಡು ಕರೆಸಬೇಕೆಂಬುದೂ ಹಾಗೆಯೇ ತೀರ್ಮಾನ. ವೆರಾಕ್ರೂಸ್ ಅನ್ನುವವರು ಒಂದು ಬಿಳಿ ಜೋಳ, ಅಕಾಪುಲ್ಕೋ ಅನ್ನುವವರು ಒಂದು ಕಪ್ಪು ಬೀನ್ಸ್ ಕಾಳು. ಮಡಕೆ ಗಿರಣಿಯಲ್ಲಿರಬೇಕು, ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರು ಎಣಿಸಬೇಕು, ಅಲ್ಲಿಯವರೆಗೆ ಯಾರೂ ಇಣುಕಬಾರದು. ಗಿರಣಿಯವರಿಗೆ ಓಟಿಲ್ಲ. ಮಡಕೆ ಕಾಯುವವರ ಮೇಲೆ ಯಾರೂ ಬೆರಳು ತೋರಿಸಬಾರದೆಂದು ಫಿದೆನ್ಸಿಯೊನೇ ಮಾಡಿಟ್ಟ ಕಟ್ಟಳೆ ಅದು. ಪುಣ್ಯಾತ್ಮ ಒಳ್ಳೆಯದಕ್ಕೇ ಮಾಡಿದ್ದ.

ಶನಿವಾರ ಸಂಜೆ ಗಿರಣಿ ಗುಡಿಸಿ, ರಾತ್ರಿಯ ಇಲಿ ಕಾಟಕ್ಕೆ ಹೆದರಿ ಮಡಕೆಯನ್ನು ಮನೆಯೊಳಗೆ ತರುವಾಗ ಬಾಯಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿತ್ತು. ನೋಡಬಾರದಿತ್ತು. ನೋಡಿದಳು. ತಳದ ತುಂಬ ಬಿಳುಪು, ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು. ಎಣಿಸುವ ಅಗತ್ಯವೇ ಇರಲಿಲ್ಲ. ಎಲೋದಿಯಾ ಬಟ್ಟೆ ಬಿಗಿದು ಕಟ್ಟಿ, ಮಡಕೆಯನ್ನು ಒಲೆಯ ಪಕ್ಕ ಇಟ್ಟು, ಆಯಿತು ಬಿಡು ಅಂದುಕೊಂಡಳು. ಅಂದುಕೊಂಡರೂ ಆ ದಿನ ಊಟ ಸೇರಲಿಲ್ಲ.

ಮಡಕೆ ಇಟ್ಟ ಜಾಗವೇ ತಪ್ಪು. ಅದು ಮನೆಯ ಕಾಳು ಬೇಯಿಸುವ ಮಡಕೆ, ಅದರ ಯಜಮಾನಿ ಅತ್ತೆ ತಿಬುರ್ಸಿಯಾ. ಎಂಬತ್ತು ದಾಟಿದ ಮುದುಕಿ. ಕಣ್ಣು ಚುರುಕು, ಕಿವಿ ದೂರ. ಹತ್ತು ಸಲ ಕೂಗಿದರೆ ಒಂದು ಸಲ ಕೇಳಿಸುತ್ತದೆ, ಬೇಡದ್ದು ಹನ್ನೊಂದನೇ ಸಲಕ್ಕೂ ಕೇಳಿಸುವುದಿಲ್ಲ. ಓಟಿನ ಗಲಾಟೆ ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಇಗರ್ಜಿಗೆ ಹೋದಾಗ ಮುದುಕಿ ಎಂದಿನಂತೆ ನೆನೆಸಿದ ಕಾಳನ್ನು ತಂದಳು, ಬಟ್ಟೆ ಬಿಚ್ಚಿದಳು. ತಳದಲ್ಲಿ ಜೋಳ ಕಂಡು ಗೊಣಗಿದಳು, ಆರಿಸಿ ಅಂಗಳದ ಕೋಳಿಗಳಿಗೆ ಎರಚಿದಳು, ಕಾಳಿನ ಮೇಲೆ ಕಾಳು ಸುರಿದು, ಸೊಪ್ಪು ಹಾಕಿ ಒಲೆಗೇರಿಸಿದಳು.

ಕೇರಿ ಅಂಗಳದಲ್ಲಿ ನೆರೆದಾಗ ಓಟು ಕೊತಕೊತ ಕುದಿಯುತ್ತಿತ್ತು.

"ಅಯ್ಯೋ ದೇವರೇ," ಚೋಲೆ ತಲೆ ಮೇಲೆ ಕೈ ಹೊತ್ತಳು. "ಒಂದು ಪಕ್ಷ ಕೋಳಿ ಹೊಟ್ಟೆಲಿ, ಇನ್ನೊಂದು ಪಕ್ಷ ಮಡಕೇಲಿ!"

ನಿಕನೋರ್ ಮುದುಕಿಯ ಕಿವಿಗೆ ಬಾಯಿಟ್ಟು ಕಿರುಚಿದ. "ಅಜ್ಜೀ! ಕೋಳಿಗೆ ಹಾಕಿದ ಜೋಳ ಎಷ್ಟಿತ್ತು? ಜಾಸ್ತಿ ಇತ್ತಾ?"

ಏನಾಯಿತೆಂದು ಅವಳಿಗೆ ಅರ್ಥ ಮಾಡಿಸಲು ಮೂವರು ಕೂಗಬೇಕಾಯಿತು. ಮುದುಕಿ ಸೌಟು ಹಿಡಿದುಕೊಂಡು ಎಲ್ಲರ ಮುಖ ನೋಡಿದಳು. ಕೊನೆಗೆ ಸೊಸೆಯ ಮುಖ ನೋಡಿದಳು.

"ಜೋಳಾನಾ? ಎಲ್ಲಿತ್ತು ಜೋಳ? ಒಂದು ಚಿಟಿಕೆ. ಕೋಳಿಗೂ ಸಾಲಲಿಲ್ಲ."

ನಿಕನೋರ್ ಕುಣಿದುಬಿಟ್ಟ. ಚೋಲೆ ಉಗಿದಳು. ಉಗಿದರೂ ಕಾಳಿನ ಸಾರು ಎರಡು ಬಟ್ಟಲು ಕುಡಿದಳು.

ಎಲ್ಲರೂ ಹೋದ ಮೇಲೆ ಎಲೋದಿಯಾ ಅತ್ತೆಯ ಎದುರು ಕೂತಳು.

"ಅತ್ತೆ, ಜೋಳವೇ ಜಾಸ್ತಿ ಇತ್ತು. ನಾನು ನೋಡಿದೀನಿ."

"ಏನಂದೆ? ಕೇಳಿಸಲ್ಲ."

"ಜೋಳ ಜಾಸ್ತಿ ಇತ್ತು!"

"ಕೂಗಬೇಡ, ನಾನೇನು ಕಿವುಡೀನಾ?" ಮುದುಕಿ ಸೌಟು ತೊಳೆಯುತ್ತ ಹೇಳಿದಳು. "ನನ್ನ ಮಗ ಏನು ಮಾತು ಕೊಟ್ಟಿದ್ದ ಅಂತ ನಂಗೆ ಗೊತ್ತು. ಇದೇ ಅಡಿಗೆಮನೇಲಿ ಅಲ್ವಾ ಕೊಟ್ಟಿದ್ದು? ಆಗ ನನ್ನ ಕಿವಿ ಸರಿಯಾಗಿತ್ತು. ಸತ್ತವನ ಮಾತು ನಡೆದ್ರೆ ನಿನಗೇನು ನಷ್ಟ? ಸುಮ್ಮನಿರು."

ಸುಮ್ಮನಿರಲು ಎಲೋದಿಯಾ ಪ್ರಯತ್ನಪಟ್ಟಳು. ಬೇಕಾದದ್ದು ತಾನಾಗಿ ಕೈಗೆ ಬಂದಿತ್ತು, ಸುಳ್ಳು ಅವಳದೂ ಅಲ್ಲ. ಆದರೆ ಮರುದಿನ ಸಾಲಿನ ಮೊದಲ ಬಕೆಟ್ಟನ್ನು ಗಿರಣಿಗೆ ಸುರಿಯುವಾಗಲೇ ಅದು ತನ್ನಿಂದಾಗದೆಂದು ತಿಳಿಯಿತು. ಇಷ್ಟು ವರ್ಷ ಒಬ್ಬರ ಹಿಟ್ಟಿಗೆ ಇನ್ನೊಬ್ಬರದ್ದು ಒಂದು ಬೆರಳಿನಷ್ಟೂ ಸೇರಿಸಿದವಳಲ್ಲ. ಮೋಟಾರು ನಿಲ್ಲಿಸಿದಳು. ಕೇರಿಯಲ್ಲಿ ಆ ಹೊತ್ತಿನಲ್ಲಿ ಗಿರಣಿ ನಿಂತದ್ದೇ ಇಲ್ಲ. ಹೆಂಗಸರು ಗಾಬರಿಯಾಗಿ ಬಾಗಿಲಿಗೆ ಒತ್ತಿಕೊಂಡು ಬಂದರು.

"ಜೋಳ ಜಾಸ್ತಿ ಇತ್ತು," ಎಲೋದಿಯಾ ಹೇಳಿದಳು. "ಶನಿವಾರ ನಾನು ಇಣುಕಿದೆ. ವೆರಾಕ್ರೂಸೇ ಗೆದ್ದಿದ್ದು. ಅಲ್ಲಿಗೇ ಹೋಗೋಣ."

ಚೋಲೆ ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಎಣಿಸೋಕೆ ಮುಂಚೆ ಇಣುಕಿದೆಯಾ? ನೀನು?"

"ಹೂಂ."

"ಯಾಕೆ?"

ಎಲೋದಿಯಾ ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜುತ್ತ ನಿಂತಳು. ಈ ಕೇರಿಯಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಕೇಳುತ್ತಿದ್ದದ್ದೆಲ್ಲ ಹಿಟ್ಟು ನುಣ್ಣಗಿರಲಿ, ಬೇಗ ಕೊಡು, ಬಸ್ಸು ಎಷ್ಟು ಹೊತ್ತಿಗೆ ಅಂತ ಮಾತ್ರ.

"ಕಾಳು ಜಾಸ್ತಿ ಇರಲಿ ಅಂತ ಆಸೆ ಇತ್ತು," ಅಂದಳು. "ಸೂರ್ಯ ಮುಳುಗೋದನ್ನ ನೋಡಬೇಕು ನಂಗೆ. ಸಮುದ್ರದಲ್ಲಿ. ಕೂತ್ಕೊಂಡು. ಅವರು ತೋರಿಸ್ತೀನಿ ಅಂದಿದ್ರು."

ಚೋಲೆ ಅವಳನ್ನೇ ನೋಡುತ್ತಿದ್ದಳು. ಮೂಗು ಸೊರ್ರೆಂದು ಎಳೆದುಕೊಂಡಳು, ಸೆರಗಿನಂಥ ಶಾಲಿನಿಂದ ಮುಖ ಒರೆಸಿಕೊಂಡಳು, ಆಮೇಲೆ ಬಯ್ಯಲು ಶುರು ಮಾಡಿದಳು.

"ಇಷ್ಟು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ದೆ, ಕತ್ತೆ? ದಿನಾ ನಿನ್ನ ಬಾಗಿಲಲ್ಲಿ ನಿಲ್ತೀನಿ, ನನ್ನ ಮಂಡಿ, ನನ್ನ ಗಂಡ, ನನ್ನ ಹಂದಿ, ಎಲ್ಲಾ ಹೇಳ್ತೀನಿ. ನೀನು ಒಂದು ಮಾತು ಹೇಳಕ್ಕೆ ಆಗಲ್ವಾ? ಇಣುಕಿದ ಓಟು ಓಟೇ ಅಲ್ಲ, ರದ್ದು! ವೆರಾಕ್ರೂಸ್ ಎಲ್ಲೂ ಓಡಿಹೋಗಲ್ಲ. ಏಯ್, ಯಾರಿಗಾದ್ರೂ ಬೇಡ ಅಂತಿದ್ರೆ ಈಗಲೇ ಹೇಳ್ರಿ, ನನ್ನ ಮುಖ ನೋಡಿ ಹೇಳ್ರಿ!"

ಅವಳ ಮುಖ ನೋಡಿ ಹೇಳುವ ಧೈರ್ಯ ಯಾರಿಗಿತ್ತು? ಎಲೋದಿಯಾ ಮತ್ತೆ ಮೋಟಾರು ಹಾಕಿದಳು. ಆ ದಿನ ಹಿಟ್ಟಿನಲ್ಲಿ ಸ್ವಲ್ಪ ಉಪ್ಪಿತ್ತೆಂದು ಯಾರೋ ಆಮೇಲೆ ಹೇಳಿದರಂತೆ. ಅಳುವವಳು ಅರೆದರೆ ಇನ್ನೇನಾಗುತ್ತದೆ.

ಹೀಗೆ ಬಸ್ಸು ಪಶ್ಚಿಮಕ್ಕೆ ತಿರುಗಿತು. ದಾರಿಯುದ್ದಕ್ಕೂ ಚೋಲೆ ತನ್ನ ಮಂಡಿಗಾದ ಅನ್ಯಾಯವನ್ನು ನಿಕನೋರನಿಗೆ ವಿವರಿಸಿದಳು. ಅಕಾಪುಲ್ಕೋದಲ್ಲಿ ಕೇರಿ ಈಜಿತು, ಮೀನು ತಿಂದಿತು, ಬಂಡೆಯಿಂದ ಹಾರುವವರನ್ನು ನೋಡಿ ಬಾಯಿ ಬಿಟ್ಟಿತು. ಮಧ್ಯಾಹ್ನ ಎಲ್ಲರೂ ಪಿಯೆ ದೆ ಲಾ ಕ್ವೆಸ್ತಾಕ್ಕೆ ಬಂದರು. ಅಲ್ಲಿ ಅಲೆ ಮನೆಯೆತ್ತರ, ನೀರಿಗಿಳಿಯುವಂತಿಲ್ಲ. ತೆಂಗಿನ ಗರಿಯ ಚಪ್ಪರದ ಕೆಳಗೆ ಸಾಲು ತೂಗುಮಂಚ. ಅತ್ತೆಯನ್ನು ಒಂದರಲ್ಲಿ ಕೂರಿಸಿ, ಎಲೋದಿಯಾ ಪಕ್ಕದ್ದರಲ್ಲಿ ಒರಗಿದಳು.

ಒರಗಿದ್ದೇ ತಪ್ಪಾಯಿತು. ಬಿಸಿಲು ಇಳಿಯತೊಡಗಿತು, ಅವಳ ರೆಪ್ಪೆಗಳೂ ಇಳಿದವು. ಚೋಲೆ ಹೌಹಾರಿದಳು.

"ಏಯ್ ಏಯ್! ಮಲಗಿದ್ಲು! ಇದಕ್ಕಾ ನಾನು ಮಂಡಿ ಮುರ್ಕೊಂಡು ಬಂದಿದ್ದು? ಕೊಮಾದ್ರೆ, ಏಳೇ!"

ಆಮೇಲೆ ನಡೆದದ್ದು ಕೇರಿಯ ಎಲ್ಲರ ಕೆಲಸ. ಒಬ್ಬಳು ಮುಖಕ್ಕೆ ಉಪ್ಪುನೀರು ಚಿಮುಕಿಸಿದಳು, ಇನ್ನೊಬ್ಬಳು ಖಾರ ಹಚ್ಚಿದ ಮಾವಿನ ಹೋಳು ಬಾಯಿಗಿಟ್ಟಳು, ನಿಕನೋರ್ ಹಾಡಿದ, ಅದು ಎಲ್ಲಕ್ಕಿಂತ ಘೋರ. ಚೋಲೆ ತೋಳು ಚಿವುಟುತ್ತಲೇ ಇದ್ದಳು. ಎಲೋದಿಯಾ ನಗುತ್ತ, ಬಯ್ಯುತ್ತ, ಕಣ್ಣು ಉಜ್ಜುತ್ತ ಎಚ್ಚರವಾಗಿಯೇ ಉಳಿದಳು.

ಸೂರ್ಯ ನೀರಿಗೆ ತಾಗಿದ. ಕೆಂಪಗೆ, ದಪ್ಪಗೆ. ಅಂಚು ಸ್ವಲ್ಪ ಚಪ್ಪಟೆಯಾಯಿತು, ಆಮೇಲೆ ಸೂರ್ಯ ನಿಧಾನವಾಗಿ ಒಳಗೆ ಜಾರಿದ. ಫಿದೆನ್ಸಿಯೊ ಹೇಳಿದ ಹಾಗೇ ಇತ್ತು. ಎಲೋದಿಯಾಳಿಗೆ ಗಂಡನ ಮೇಲೆ ಬಹಳ ದಿನದ ಮೇಲೆ ಸಿಟ್ಟು ಬಂತು, ಇದನ್ನು ಬಿಟ್ಟು ಅಷ್ಟು ಬೇಗ ಹೋದನಲ್ಲ ಎಂದು. ಜೊತೆಗೇ ಪ್ರೀತಿಯೂ ಬಂತು. ಸುತ್ತ ಯಾರೂ ಮಾತಾಡಲಿಲ್ಲ, ಚೋಲೆ ಕೂಡ. ಅಲೆಗಳು ಮಾತ್ರ ಒಂದರ ಮೇಲೊಂದು ಬಿದ್ದು ಕಿವಿ ಕಿತ್ತುಹೋಗುವಂತೆ ಮೊರೆಯುತ್ತಿದ್ದವು. ಅದರ ನಡುವೆ ಗುಡುಗಿದರೂ ಕೇಳಿಸುತ್ತಿರಲಿಲ್ಲ.

ಕೊನೆಯ ಚೂರೂ ಮುಳುಗಿದ ಮೇಲೆ ಮುದುಕಿ ಸೊಸೆಯ ಕೈ ಹಿಡಿದು ಎಳೆದಳು.

"ಚುಂಯ್ ಅಂತಾ?" ಜೋರಾಗಿ ಕೇಳಿದಳು. "ನಂಗೆ ಕಿವಿ ಕೇಳಲ್ಲ. ಅವನು ಹೇಳ್ತಿದ್ನಲ್ಲ, ಸದ್ದು ಬರತ್ತೆ ಅಂತ. ಬಂತಾ?"

ಒಬ್ಬರ ಹಿಟ್ಟಿಗೆ ಇನ್ನೊಬ್ಬರದ್ದನ್ನು ಸೇರಿಸದವಳು, ಒಂದು ಮಡಕೆ ಜೋಳದ ಸುಳ್ಳನ್ನು ಒಂದು ದಿನವೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದವಳು, ಅತ್ತೆಯ ಕಿವಿಯ ಹತ್ತಿರ ಬಾಗಿದಳು.

"ಬಂತು ಅತ್ತೆ," ಅಂದಳು. "ಚೆನ್ನಾಗಿ ಕೇಳಿಸ್ತು."